ಗಂಗಾವತಿ, ಆನೆಗೊಂದಿ ಕಡೆ ಹೊಡ್ಯಾಕ ಎಂಥ ಗೇರ್ ಸೈಕಲ್ ಬೇಕು? ನನ್ನ ಹಾರ್ಡ್‌ಟೇಲ್ ರಿವ್ಯೂ

ಗೇರ್ ಸೈಕಲ್ ತಗೋಬೇಕು, ಗುಡ್ಡದ ಕಡೆ ಹೊಡಿಬೇಕು, ಯಾವುದು ಚೊಲೋ ಅಂತ ಕೇಳೋರು ಈಗೀಗ ನಮ್ಮ ಕಡೆ ಭಾಳ ಆಗ್ಯಾರ, ಆದ್ರ ಯೂಟ್ಯೂಬಿನಾಗ ಸಿಗೋ ರಿವ್ಯೂ ಎಲ್ಲಾ ಮನಾಲಿದು ಇಲ್ಲಾ ಕೂರ್ಗಿಂದು ಇಲ್ಲಾ ಬೆಂಗಳೂರಿನ ತುರಹಳ್ಳಿ ಕಾಡಿಂದು. ಅಲ್ಲಿ ಮಣ್ಣು ಬ್ಯಾರೆ, ನೆರಳು ಬ್ಯಾರೆ, ಮುಳ್ಳಂತೂ ಪೂರಾ ಬ್ಯಾರೆ. ಅವರು ಅರ್ಧ ತಾಸು ಸಸ್ಪೆನ್ಷನ್ ಬಗ್ಗೆ ಮಾತಾಡಿ ಕಡೀಕ ಟೈರ್ ಬಗ್ಗೆ ಒಂದ ಸಾಲು ಹೇಳಿ ಮುಗಸ್ತಾರ. ಗಂಗಾವತಿ, ಆನೆಗೊಂದಿ, ಸಣಾಪುರ ಸುತ್ತ ಓಡ್ಸೋರಿಗೆ ಅದು ಉಲ್ಟಾ ಆಗ್ಬೇಕು, ಮೊದ್ಲ ಟೈರ್, ಆಮ್ಯಾಲ ಹಬ್ಬು ಅಂದ್ರ ಗಾಲಿ ನಡುವಿನ ಗುಂಬ, ಆಮ್ಯಾಲ ಬ್ರೇಕು, ಶಾಕ್ ಎಲ್ಲಾದಕ್ಕಿಂತ ಹಿಂದ.

ನಾನು ಓಡ್ಸೋದು 29 ಇಂಚಿನ ಹಾರ್ಡ್‌ಟೇಲ್, ಅಂದ್ರ ಮುಂದ ಅಷ್ಟ ಶಾಕ್, ಹಿಂದ ಇಲ್ಲ. ಅಲ್ಯುಮಿನಿಯಂ ಫ್ರೇಮು, ಫೋರ್ಕು ಅಂದ್ರ ಮುಂದಿನ ಶಾಕ್ 100 ಎಂಎಂ ಸ್ಪ್ರಿಂಗಿಂದು, ಮುಂದ 2 ಹಿಂದ 8 ಶಿಮಾನೋ ಗೇರು, ಹೈಡ್ರಾಲಿಕ್ ಡಿಸ್ಕು, ತೂಕ ಹದಿನಾಲ್ಕೂವರಿ ಕಿಲೋ. ಕಂಪನಿ ಹೆಸರು ಬರಿಯಂಗಿಲ್ಲ, ಯಾಕಂದ್ರ ಈ ರೇಟಿನಾಗ ಯಾವ ಕಂಪನಿದ ತಗೊಂಡ್ರೂ ಸಾಮಾನು ಹೆಚ್ಚು ಕಮ್ಮಿ ಅವ ಇರ್ತಾವ, ಸ್ಟಿಕ್ಕರ್ ಅಷ್ಟ ಬದಲಿ. ಒಂದು ಮಳಿಗಾಲ ಒಂದು ಬ್ಯಾಸಿಗಿ ಪೂರ್ತಿ ಓಡ್ಸೀನಿ, ಕಾಲುವಿ ದಂಡಿ ಮ್ಯಾಲ, ಸಣಾಪುರ ಕೆರಿ ಸುತ್ತ, ಆನೆಗೊಂದಿ ಹಿಂದಿನ ಬಂಡಿಗಲ್ಲಿನ ಹಾದಿ, ಹಿರೇಬೆಣಕಲ್ ಕಡೆ, ಒಮ್ಮೊಮ್ಮೆ ಕೊಪ್ಪಳ ತನಕ. ಸೈಕಲ್ ಬಗ್ಗೆ ಒಟ್ಟಾರೆ ಖುಷಿ ಐತಿ, ಅದರ ಜೊತಿ ಬಂದಿದ್ದ ಟೈರ್ ಬಗ್ಗೆ ಮಾತ್ರ ಒಂದು ಚೊಲೋ ಮಾತೂ ಹೇಳಾಕ ಬರಂಗಿಲ್ಲ.

ಮುಳ್ಳಿಂದ ಶುರು ಮಾಡ್ತೀನಿ. ಕೆರಿ ಅಂಗಳ, ಬೀಳು ಹೊಲ, ಕಾಲುವಿ ಬದಿ ಎಲ್ಲಿ ನೋಡಿದ್ರೂ ಬಳ್ಳಾರಿ ಜಾಲಿ. ಕಟ್ಟಿಗಿಗೆ ಬಂದೋರು ದಪ್ಪ ಬಡ್ಡಿ ಕಡಕೊಂಡು ಒಯ್ತಾರ, ಸಣ್ಣ ಟೊಂಗಿ ಹಾದ್ಯಾಗ ಬಿಟ್ಟು ಹೋಗ್ತಾರ, ಅವು ಬಿಸಿಲಿಗೆ ಒಣಗಿ ಮಣ್ಣಿನ ಬಣ್ಣಕ್ಕ ಬಂದು ಕಣ್ಣಿಗೆ ಕಾಣದಂಗ ಆಗ್ತಾವ. ಒಣಗಿದ ಜಾಲಿ ಮುಳ್ಳಿಂದು ಒಂದು ಖೋಡಿ ಗುಣ ಐತಿ, ಚುಚ್ಚಿದ ಮ್ಯಾಲ ಬುಡ ಮುರದು ಬೀಳತೈತಿ, ತುದಿ ಅಷ್ಟ ರಬ್ಬರಿನಾಗ ಉಳಿತೈತಿ. ಹೊರಗಿಂದ ಬಟ್ಟು ಸವರಿದ್ರ ಏನೂ ಹತ್ತಂಗಿಲ್ಲ, ಟ್ಯೂಬ್ ಬದ್ಲಿ ಮಾಡಿ ಗಾಳಿ ಹೊಡದು ಒಂದು ಫರ್ಲಾಂಗು ಹೋಗೋದ್ರಾಗ ಮತ್ತ ಫುಸ್. ಟೈರ್ ಒಳಮೈ ಹೊರಗ ಮಾಡಿ ಅರವಿ ತುಂಡು ತಗೊಂಡು ಸುತ್ತಲೂ ಒರಸ್ಕೊಂತ ಬರ್ಬೇಕು, ಅರವಿ ಎಲ್ಲಿ ಸಿಗಿಬೀಳತೈತೋ ಅಲ್ಲಿ ತುದಿ ಐತಿ ಅಂತ ತಿಳ್ಕೊಂಡು ನೇಲ್ ಕಟರ್‌ನಿಂದ ಹಿಡದು ಜಗ್ಗಬೇಕು, ಹಿಂಗ ಒಳಗಿಂದನ ಜಗ್ಗಬೇಕು, ಹೊರಗಿಂದ ಕೆದರಿದ್ರ ಇನ್ನಾ ಒಳಗ ಹೋಗತೈತಿ. ಪಂಪು ಮರೆತ್ರೂ ನಡಿತೈತಿ, ನಮ್ಮ ಬಳಗದಾಗ ನೇಲ್ ಕಟರ್ ಇಲ್ಲದ ಯಾರೂ ಹೊರಡಂಗಿಲ್ಲ.

ಇದರ ಜೊತಿಗೆ ನೆಗ್ಗಿನ ಮುಳ್ಳು. ಮಳಿ ಮುಗದು ನೆಲ ಒಣಗೋ ಹೊತ್ತಿಗೆ ಹಾದಿ ಅಂಚಿನಾಗ ಬಳ್ಳಿ ಒಣಗಿ ಕಾಯಿ ಉದುರಿ ಬಿದ್ದಿರ್ತಾವ, ಹ್ಯಾಂಗ ಬಿದ್ರೂ ಒಂದು ಮುಳ್ಳು ಮ್ಯಾಲ ಮಾರಿ ಮಾಡಿನ ಕೂಡತೈತಿ. ಜಾಲಿ ಒಂದ ತೂತು ಮಾಡಿದ್ರ ಇದು ಒಂದ ಸುತ್ತಿನಾಗ ನಾಕೈದು ಮಾಡತೈತಿ, ಎಲ್ಲಾ ಸೂಜಿ ಮೊನಿಯಷ್ಟು ಸಣ್ಣವು, ಆ ಹೊತ್ತಿಗೆ ಗೊತ್ತಾಗಂಗಿಲ್ಲ, ಮುಂಜಾನಿ ಎದ್ದು ನೋಡಿದ್ರ ಎರಡೂ ಗಾಲಿ ನೆಲಕ್ಕ ಕೂತಿರ್ತಾವ.

ಹಿಂಗಾಗಿ ಸೈಕಲ್ ತಗೊಳ್ಳೋವಾಗ ರಿಮ್ ಮ್ಯಾಲ ಟ್ಯೂಬ್‌ಲೆಸ್ ರೆಡಿ ಅಂತ ಐತೋ ಇಲ್ಲೋ ನೋಡ್ರಿ. ಇದ್ರ ಅರ್ಧ ಗೆದ್ದಂಗ. ಅದಕ್ಕ ಟ್ಯೂಬ್‌ಲೆಸ್ ಟೈರ್ ಹಾಕಿ, ರಿಮ್ ಒಳಗ ಟೇಪ್ ಸುತ್ತಿ, ತೂತು ತಾನ ಮುಚ್ಚೋ ಸೀಲಂಟ್ ಹಾಕಿದ್ರ ನೆಗ್ಗಿನ ಮುಳ್ಳಿನ ಕಾಟ ಹೆಚ್ಚು ಕಮ್ಮಿ ಮುಗೀತು, ಜಾಲಿ ಮುಳ್ಳನ್ನೂ ಭಾಳಷ್ಟು ತಡಿತೈತಿ. ದೊಡ್ಡ ಮುಳ್ಳು ಚುಚ್ಚಿದ್ರ ಗಾಬರಿ ಬಿದ್ದು ಕಿತ್ತು ಒಗಿಬ್ಯಾಡ್ರಿ, ಮೊದ್ಲು ತೂತು ಕೆಳಗ ಬರೋ ಹಂಗ ಗಾಲಿ ತಿರುವಿ ಆಮ್ಯಾಲ ಕೀಳ್ರಿ, ಸೀಲಂಟ್ ಅಲ್ಲಿಗೆ ಹರದು ಬಂದು ಮುಚ್ಚತೈತಿ. ಒಂದ ಮಾತು, ಸೀಲಂಟ್ ಅಂದ್ರ ರಬ್ಬರ್ ಹಾಲು ಇದ್ದಂಗ, ಬಿಸಿಲಿಗೆ ಒಣಗತೈತಿ. ಡಬ್ಬಿ ಮ್ಯಾಲ ಎರಡರಿಂದ ಆರು ತಿಂಗಳು ಅಂತ ಏನೇನೋ ಬರ್ದಿರ್ತಾರ, ಅದು ತಂಪು ದೇಶದ ಲೆಕ್ಕ, ಏಪ್ರಿಲ್ ಮೇ ತಿಂಗಳದಾಗ 40 ಡಿಗ್ರಿ ದಾಟೋ ನಮ್ಮಲ್ಲಿ ತಗಡಿನ ಶೆಡ್ಡಿನ ಕೆಳಗ ಸೈಕಲ್ ನಿಂತ್ರ ಎರಡು ತಿಂಗಳೂ ಗ್ಯಾರಂಟಿ ಇಲ್ಲ. ಗಾಲಿ ಕಿವಿ ಹತ್ರ ಇಟ್ಕೊಂಡು ಅಳ್ಳಾಡ್ಸ್ರಿ, ಒಳಗ ನೀರಿನ ಸಪ್ಪಳ ಬಂದ್ರ ಐತಿ, ಇಲ್ಲಾಂದ್ರ ಒಣಗೈತಿ.

ಟ್ಯೂಬ್‌ಲೆಸ್ ರಿಮ್ ಇಲ್ಲದ ಸೋವಿ ಸೈಕಲ್ ಆದ್ರ ಟ್ಯೂಬಿನೊಳಗನ ಸೀಲಂಟ್ ಹಾಕ್ರಿ, ಬೈಕಿಗೆ ಇರ್ತಾವಲ್ಲ ಅಂಥಾ ಶ್ರೇಡರ್ ವಾಲ್ವ್ ಇದ್ರ ಒಳಗಿನ ಪಿನ್ನು ಬಿಚ್ಚಿ ಸುರೀಬಹುದು. ಶ್ರೇಡರ್ ಇದ್ರ ಇನ್ನೊಂದು ಲಾಭ, ಯಾವ ಪೆಟ್ರೋಲ್ ಬಂಕಿನಾಗ ಬೇಕಾದ್ರೂ ಗಾಳಿ ಹಿಡಿಸ್ಕೋಬಹುದು. ಸಪೂರ ಪ್ರೆಸ್ಟಾ ವಾಲ್ವ್ ಇದ್ರ ಹಿತ್ತಾಳಿದೊಂದು ಸಣ್ಣ ಅಡಾಪ್ಟರ್ ಬೇಕು, ಅದು ಕಳದ್ರ ಬಂಕಿನ ಹುಡುಗ ನಿಮ್ಮ ಮಾರಿ ನೋಡ್ತಾನ, ನೀವು ಅವನ ಮಾರಿ ನೋಡ್ತೀರಿ.

ಟೈರ್ ಆರಿಸೋವಾಗ ಹಗುರದ್ದು ಬ್ಯಾಡ. 120 ಟಿಪಿಐ (ಒಂದು ಇಂಚಿಗೆ ಎಷ್ಟು ಎಳಿ ಅನ್ನೋ ಲೆಕ್ಕ) ಅಂತ ಬರ್ದಿರೋ ರೇಸ್ ಟೈರ್ ಮೆತ್ತಗ ತೆಳ್ಳಗ ಇರ್ತಾವ, ಓಡ್ಸಾಕ ಭಾರಿ ಮಜಾ, ನಮ್ಮ ಹಾದ್ಯಾಗ ಒಂದು ವಾರ. 60 ಟಿಪಿಐದು, ಪಂಚರ್ ಪ್ರೊಟೆಕ್ಷನ್ ಪಟ್ಟಿ ಇರೋದು, ನಡು ಗುಬ್ಬಿ ಒತ್ತಾಗಿ ಇರೋದು ನೋಡ್ಕೊಳ್ರಿ. ತೂಕ ಮುನ್ನೂರು ಗ್ರಾಂ ಜಾಸ್ತಿ ಆದ್ರೂ ನಡಿತೈತಿ.

ಇನ್ನ ಮಣ್ಣು. ಗಂಗಾವತಿ, ಆನೆಗೊಂದಿ, ಕೊಪ್ಪಳ ಗುಡ್ಡದ ಕೆಳಗ ಕೆಂಪು ಮಸಾರಿ ಮತ್ತ ಗರಸು, ಮಳಿ ಬಂದು ಎರಡು ತಾಸಿಗೆ ಓಡ್ಸಬಹುದು. ಕಾರಟಗಿ ದಾಟಿ ಸಿಂಧನೂರು, ರಾಯಚೂರು ಕಡೆ ಹೋದಂಗ ಎರಿ ಅಂದ್ರ ಕಪ್ಪು ಮಣ್ಣು ಶುರು. ಎರಿ ಹೊಲದ ಹಾದಿಗೆ ಮಳಿ ಬಿದ್ದಾಗ ಯಾವ ಸೈಕಲ್ ಆದ್ರೂ ಒಂದ, ಲಕ್ಷದ್ದಾಗಲಿ ಹತ್ತು ಸಾವಿರದ್ದಾಗಲಿ, ನೂರು ಅಡಿ ಹೋಗೋದ್ರಾಗ ಮಣ್ಣು ಟೈರಿಗೆ ಸುತ್ಕೊಂಡು ಹಿಂದಿನ ಫ್ರೇಮಿನ ಸಂದಿನಾಗ ಗಟ್ಟಿಯಾಗಿ ಕೂತು ಗಾಲಿ ತಿರಗೋದ ನಿಲ್ಲತೈತಿ, ಆಮ್ಯಾಲ ಸೈಕಲ್ ನಿಮ್ಮನ್ನ ಒಯ್ಯಂಗಿಲ್ಲ, ನೀವ ಅದನ್ನ ಹೊತ್ಕೊಂಡು ಬರ್ಬೇಕು. ಆದ್ರೂ ಆ ಕಡೆ ಓಡ್ಸೋರು ಅಂಗಡ್ಯಾಗ ಒಂದು ಪರೀಕ್ಷಾ ಮಾಡ್ರಿ, ಹಿಂದಿನ ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿಗೆ ಕಿರುಬೆರಳು ಸಲೀಸಾಗಿ ಹೋಗ್ಬೇಕು. ಹೋಗಲಿಲ್ಲಾ ಅಂದ್ರ 2.25 ಟೈರ್ ಬಿಟ್ಟು 2.1 ಹಾಕಿಸ್ರಿ. ರಾಯಚೂರು ಕಡೆಯೋರಿಗೆ ಅಗಲ ಟೈರ್‌ಗಿಂತ ಸಂದು ಮುಖ್ಯ. ಪೂರ್ತಿ ಸುತ್ತೋ ಮಡ್‌ಗಾರ್ಡ್ ಅಂತೂ ಹಾಕಿಸ್ಕೋಬ್ಯಾಡ್ರಿ, ಮಣ್ಣು ಅದರಾಗೂ ಸಿಕ್ಕೊಂಡು ಕೂಡತೈತಿ.

ನಮ್ಮ ಕಡೆ ಇನ್ನೊಂದು ಬಗಿ ಹಾದಿ ಐತಿ, ತುಂಗಭದ್ರಾ ಎಡದಂಡಿ ಕಾಲುವಿ ಪಕ್ಕದ ಸರ್ವಿಸ್ ರೋಡು ಮತ್ತ ಅದರಿಂದ ಒಡದು ಹೋಗೋ ಗದ್ದಿ ಹಾದಿ. ನಕ್ಷಾದಾಗ ನೋಡಿದ್ರ ಸಪಾಟು, ಕೂತು ನೋಡಿದ್ರ ಗೊತ್ತಾಗತೈತಿ. ಭತ್ತದ ಗದ್ದಿಗೆ ಹೋಗೋ ಟ್ರ್ಯಾಕ್ಟರ್ ಕಬ್ಬಿಣದ ಕೇಜ್ ವೀಲ್ ಬಿಚ್ಚದ ಹಾದಿ ಮ್ಯಾಲ ಬರ್ತಾವ, ಅವು ಮೂಡಿಸಿದ ಗೀರು ಒಣಗಿ ಕಲ್ಲಾಗಿ ಮೈಲುಗಟ್ಟಲೆ ಗಡಗಡ ಅಂತಾವ. ಇಂಥಲ್ಲಿ 29 ಇಂಚಿನ ಗಾಲಿ ಕೆಲಸಕ್ಕ ಬರತೈತಿ, ಸಣ್ಣ ತಗ್ಗು ಮ್ಯಾಲ ತೇಲಿಕೊಂಡು ಹೋಗತೈತಿ. ನನ್ನ ಗೆಳೆಯಂದು 26 ಇಂಚಿನ ಹಳೇದು, ಅವಂಗೂ ನನಗೂ ಅದ ಹಾದಿ, ಅದ ಸ್ಪೀಡು, ಮನಿ ಮುಟ್ಟೋ ಹೊತ್ತಿಗೆ ಅವನ ಅಂಗೈ ಜುಮು ಜುಮು ಅಂತಿರತೈತಿ. ಆದ್ರ ಐದು ಅಡಿ ಮೂರು ಇಂಚಿಗಿಂತ ಕಮ್ಮಿ ಇರೋರು 29ಕ್ಕ ಜೋತು ಬೀಳಬ್ಯಾಡ್ರಿ, 27.5 ನೋಡ್ರಿ, ಗಾಲಿ ದೊಡ್ಡದಾತು ಅಂತ ಹ್ಯಾಂಡಲ್ ಎತ್ತರ ಆದ್ರ ಗುಡ್ಡ ಇಳಿಯೋವಾಗ ಮುಂಗಾಲಿ ಮ್ಯಾಲ ಹಿಡಿತ ಸಿಗಂಗಿಲ್ಲ. 26ರ ಸೈಕಲ್ ಹೊಸದು ತಗೊಳ್ಳೋದಾದ್ರ ಚೊಲೋ ಟೈರ್ ಸಿಗೋದ ಈಗ ಕಷ್ಟ.

ಬಂಡಿಗಲ್ಲಿನ ವಿಷಯಕ್ಕ ಬಂದ್ರ ನಮ್ಮಷ್ಟು ಪುಣ್ಯವಂತರು ಯಾರೂ ಇಲ್ಲ. ಸಣಾಪುರ ಕೆರಿ ಮ್ಯಾಲಿನ ಹಾಸುಬಂಡಿ, ಆನೆಗೊಂದಿ ಹಿಂದಿನ ಗುಡ್ಡ, ಎಲ್ಲಾ ಗ್ರಾನೈಟ್, ಒಣಗಿದಾಗ ಉಪ್ಪು ಕಾಗದ ತಿಕ್ಕಿದಂಗ ಹಿಡಿತೈತಿ, ಕಣ್ಣಿಗೆ ಏರಾಕ ಆಗಂಗಿಲ್ಲ ಅನಿಸೋ ಏರು ಟೈರ್ ಜಾರದ ಏರತೈತಿ. ಇಲ್ಲಿ ಗುಟ್ಟು ಗಾಳಿದು. ನನ್ನ ತೂಕ 72 ಕಿಲೋ, ರೋಡಿಗೆ 45 ಪಿಎಸ್‌ಐ ಇಟ್ರ ಬಂಡಿ ಮ್ಯಾಲ 28ಕ್ಕ ಇಳಸ್ತೀನಿ, ಟ್ಯೂಬ್ ಇದ್ದಾಗ 32ಕ್ಕಿಂತ ಕೆಳಗ ಇಳಸ್ತಿದ್ದಿಲ್ಲ ಯಾಕಂದ್ರ ಚೂಪು ಅಂಚಿಗೆ ಬಡದ್ರ ರಿಮ್ಮಿಗೂ ಕಲ್ಲಿಗೂ ನಡುವ ಟ್ಯೂಬ್ ಸಿಕ್ಕು ಹಾವು ಕಚ್ಚಿದಂಗ ಜೋಡಿ ತೂತು ಬೀಳತೈತಿ. ಅಂಗಡ್ಯಾಗ ಡೆಲಿವರಿ ಕೊಡೋವಾಗ 60 ತನಕ ತುಂಬಿ ಕೊಡ್ತಾರ, ಹಂಗ ಹೊಡದು ಬಂಡಿ ಮ್ಯಾಲ ಪುಟಿದು ಬಿದ್ದೋರು ಶಾಕ್ ಸರಿ ಇಲ್ಲ ಅಂತಾರ.

ಶಾಕ್ ವಿಷಯ ಅಂದ್ರ ನನ್ನ ಸೈಕಲ್ಲಿನ ಸ್ಪ್ರಿಂಗ್ ಫೋರ್ಕ್ ಎರಡೂವರಿ ಕಿಲೋ ಹತ್ರ ತೂಗತೈತಿ, ಸಣ್ಣ ಗಡಗಡಕ್ಕ ಒಳಗ ಹೋಗೋದ ಇಲ್ಲ, ದೊಡ್ಡ ತಗ್ಗಿಗೆ ಠಕ್ ಅಂತೈತಿ. ಕೆಲಸ ಆಗತೈತಿ, ಹೊಗಳಾಕ ಏನಿಲ್ಲ. ಏರ್ ಫೋರ್ಕ್ ಇರೋ ಸೈಕಲ್ ಗೆಳೆಯರದು ಓಡ್ಸಿ ನೋಡೀನಿ, ನಮ್ಮ ತೂಕಕ್ಕ ತಕ್ಕಂಗ ಗಾಳಿ ಹೊಂದಸ್ಕೋಬಹುದು, ಹಗುರಾನೂ ಇರತೈತಿ, ಫರಕ್ ಗೊತ್ತಾಗತೈತಿ, ರೊಕ್ಕ ಇದ್ರ ತಗೊಳ್ರಿ. ಆದ್ರ ನಮ್ಮಲ್ಲಿ ದೊಡ್ಡ ಡ್ರಾಪು ಜಂಪು ಇಲ್ಲ, ಗುಡ್ಡ ಎಲ್ಲಾ ಗಿಡ್ಡ, ಇಳಿಜಾರು ಐದು ನಿಮಿಷದಾಗ ಮುಗಿತೈತಿ, ಅದಕ್ಕ 100 ಎಂಎಂ ಸಾಕೋ ಸಾಕು. ಪೆಡಲ್ ಹತ್ರದ ಹಲ್ಲಿನ ಚಕ್ರ ಅಂದ್ರ ಮುಂದಿನ ಚೈನ್ ರಿಂಗಿಗೆ ಮಾತ್ರ ಜಾಗ್ರತಿ, ಎರಡು ಮೂರು ರಿಂಗ್ ಇದ್ದಾಗ ದೊಡ್ಡದು ಬಂಡಿ ಅಂಚಿಗೆ ತಾಕಿ ಹಲ್ಲು ಸವಿತಾವ, ನಂದು ಆಗಲೇ ಎರಡು ಹಲ್ಲು ಮೂಲಿ ಹಾರ್ಯಾವ. ಮುಂದ ಒಂದ ರಿಂಗ್, ಹಿಂದ 11ರಿಂದ 42 ತನಕ ಹಲ್ಲು ಇರೋ ಕ್ಯಾಸೆಟ್ ಅಂದ್ರ ಗೇರ್ ಗುಚ್ಛ, ಇಂಥದ್ದು ಸಿಕ್ರ ಕಣ್ಣು ಮುಚ್ಚಿ ತಗೊಳ್ರಿ. ಕಮ್ಮಿ ಸಾಮಾನು, ಕಮ್ಮಿ ಧೂಳು ಹಿಡಿತೈತಿ.

ಡಬಲ್ ಶಾಕರ್ ಬಗ್ಗೆ ಹುಡುಗ್ರಿಗೆ ಭಾಳ ಆಸಿ ಇರತೈತಿ. ಹನ್ನೆರಡು ಹದಿನೈದು ಸಾವಿರಕ್ಕ ಸಿಗೋ ಡಬಲ್ ಶಾಕರ್ ಅಂದ್ರ ಕಬ್ಬಿಣದ ಫ್ರೇಮಿಗೆ ಒಂದು ಸ್ಪ್ರಿಂಗ್ ಸಿಗಿಸಿದ್ದು, ನೀವು ತುಳಿಯೋ ಶಕ್ತಿ ಎಲ್ಲಾ ಆ ಸ್ಪ್ರಿಂಗ್ ತಿಂತೈತಿ, ಏರಿನಾಗ ಸೈಕಲ್ ಕುಣಿತೈತಿ, ಮುಂದ ಹೋಗಂಗಿಲ್ಲ. ಅಕ್ಕನ ಮಗನ ಹತ್ರ ಒಂದು ಐತಿ, ಮನಿ ಮುಂದ ವ್ಹೀಲಿ ಹೊಡ್ಯಾಕ ಅವನಿಗೆ ಸರಿ ಐತಿ. ಖರೆ ಫುಲ್ ಸಸ್ಪೆನ್ಷನ್ ಸೈಕಲ್ ಲಕ್ಷದ ಮ್ಯಾಲ, ಅದರ ಹಿಂದಿನ ಬೇರಿಂಗ್, ಶಾಕ್ ಸರ್ವಿಸ್‌ಗೆ ಬೆಂಗಳೂರು ಹಾದಿ ಹಿಡಿಬೇಕು.

ಅಂಗಡ್ಯಾಗ ಯಾರೂ ಹೇಳದ ಮಾತು ಹಿಂದಿನ ಹಬ್ಬಿಂದು. 7 ಗೇರಿನ ಸೋವಿ ಸೈಕಲ್‌ನಾಗ ಫ್ರೀವೀಲ್ ಇರತೈತಿ, ಅಂದ್ರ ಗೇರ್ ಗುಚ್ಛ ಹಬ್ಬಿನ ಮ್ಯಾಲ ತಿರುಪಿ ಕೂಡ್ಸಿರ್ತಾರ, ಬಲಗಡೆ ಬೇರಿಂಗ್ ಒಳಗ ಉಳಿತೈತಿ, ಅದರಿಂದ ಹೊರಗಿನ ಆಕ್ಸೆಲ್‌ಗೆ ಆಧಾರ ಇರಂಗಿಲ್ಲ, ಬಂಡಿ ಮ್ಯಾಲಿಂದ ಇಳಿದಾಗೆಲ್ಲಾ ಬಾಗ್ಕೊಂತ ಬಂದು ಒಂದಿನ ಮುರಿತೈತಿ. ಕ್ಯಾಸೆಟ್ ಇರೋ ಹಬ್ಬಿನಾಗ ಬೇರಿಂಗ್ ಹೊರ ಅಂಚಿನ ತನಕ ಬರತೈತಿ, ಆ ತ್ರಾಸಿಲ್ಲ. ದಿನಾ ಶಾಲಿಗೆ, ಪ್ಯಾಟಿಗೆ ಹೋಗಾಕ ಫ್ರೀವೀಲ್ ನಡಿತೈತಿ, ಗುಡ್ಡಕ್ಕ ಅಂದ್ರ 8 ಗೇರ್ ಮತ್ತ ಕ್ಯಾಸೆಟ್‌ನಿಂದ ಶುರು ಮಾಡ್ರಿ. ಬಲ್ಬ್, ಬಾಟ್ಲಿ, ಮೊಬೈಲ್ ಸ್ಟ್ಯಾಂಡ್ ಫ್ರೀ ಅಂದ್ರ ಆ ಕಡೆ ನೋಡಬ್ಯಾಡ್ರಿ, ಕ್ಯಾಸೆಟ್ ಐತೇನು ಅಂತ ಕೇಳ್ರಿ.

ಬ್ರೇಕು: ಹೈಡ್ರಾಲಿಕ್ ಒಂದ ಬಟ್ಟಿಗೆ ನಿಲ್ಲತೈತಿ, ಹಾಸುಬಂಡಿ ಇಳಿಯೋವಾಗ ಅದರ ಬೆಲಿ ಗೊತ್ತಾಗತೈತಿ. ಆದ್ರ ಬ್ಲೀಡ್ ಮಾಡಿಸ್ಬೇಕಾದ್ರ, ಅಂದ್ರ ಒಳಗಿನ ಎಣ್ಣಿ ಬದ್ಲಿ ಮಾಡಿ ಗಾಳಿ ತೆಗಸ್ಬೇಕಾದ್ರ ಹುಷಾರು, ಶಿಮಾನೋ ಬ್ರೇಕಿಗೆ ಮಿನರಲ್ ಆಯಿಲ್ ಅಷ್ಟ ಬೇಕು, ಬೈಕ್ ಮೆಕ್ಯಾನಿಕ್ ಹತ್ರ ಹೋದ್ರ ಅವನ ಕಪಾಟಿನಾಗ ಇರೋದು ಡಾಟ್ ಆಯಿಲ್, ಅದು ಬಿದ್ರ ಒಳಗಿನ ರಬ್ಬರ್ ಸೀಲ್ ಉಬ್ಬಿ ಹಾಳಾಗತೈತಿ. ಸರ್ವಿಸ್ ತಾಪತ್ರಯ ಬ್ಯಾಡ ಅನ್ನೋರಿಗೆ ಕೇಬಲ್ ಡಿಸ್ಕ್ ಏನೂ ಕಮ್ಮಿ ಇಲ್ಲ, ಕೇಬಲ್ ಯಾವ ಹಳ್ಳ್ಯಾಗ ಬೇಕಾದ್ರೂ ಸಿಗತೈತಿ. 160 ಎಂಎಂ ರೋಟರ್ (ಡಿಸ್ಕಿನ ತಗಡು) ನಮ್ಮ ಗುಡ್ಡಕ್ಕ ಸಾಕು.

ಸಂಡೂರು ಕಡೆಯೋರಿಗೆ ಒಂದು ಮಾತು ಬ್ಯಾರೆ ಹೇಳ್ಬೇಕು. ಅಲ್ಲಿ ಗುಡ್ಡ ಖರೆ ಗುಡ್ಡ, ಏರು ಉದ್ದ, ಹಸಿರು ಐತಿ, ಬಳ್ಳಾರಿ ಜಿಲ್ಲಾದಾಗ ಇದಕ್ಕಿಂತ ಚೊಲೋ ರೈಡಿಂಗ್ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ, ಆದ್ರ ಅದಿರಿನ ಕೆಂಪು ಧೂಳು ಚೈನಿಗೆ ಎಣ್ಣಿ ಜೊತಿ ಕೂಡಿ ಉಜ್ಜೋ ಪೇಸ್ಟ್ ಆಗತೈತಿ. ಅಡಿಗಿ ಎಣ್ಣಿ, ಗ್ರೀಸು, ಇಂಜಿನ್ ಆಯಿಲ್ ಹಾಕಬ್ಯಾಡ್ರಿ, ವ್ಯಾಕ್ಸ್ ಇಲ್ಲಾ ಡ್ರೈ ಲ್ಯೂಬ್ ಹಾಕಿ ಒರಸ್ರಿ. ಅದಿರಿನ ಲಾರಿ ಓಡೋ ರೋಡಿಗೆ ಮಾತ್ರ ಇಳಿಬ್ಯಾಡ್ರಿ.

ಎಲ್ಲಿ ಓಡ್ಸಬಾರದು ಅನ್ನೋದೂ ಸೈಕಲ್ ಆರಿಸೋದಕ್ಕ ಸಂಬಂಧ ಐತಿ, ಯಾಕಂದ್ರ ಕೆಲವರು ಹಿರೇಬೆಣಕಲ್ಲಿನ ಮೋರೇರ ಗುಡ್ಡದ ಮ್ಯಾಲ ಹೊಡ್ಯಾಕ ಅಂತ ಸೈಕಲ್ ತಗೊಳ್ಳೋರದಾರ. ಹಿರೇಬೆಣಕಲ್ ಮ್ಯಾಲಿರೋ ಕಲ್ಲಿನ ಮನಿ ಅಂದ್ರ ಮಹಾಶಿಲಾಯುಗದ ಗೋರಿಗಳು, ನಾನೂರರ ಹತ್ರ ಅದಾವ, 2021ರಾಗ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೂ ಸೇರೈತಿ. ಸೈಕಲ್ ಗುಡ್ಡದ ಬುಡದಾಗ ಬಿಟ್ಟು ನಡದು ಏರ್ರಿ, ಆ ಹಾದಿ ನಡಿಯಾಕ ಇರೋದು. ಆನೆಗೊಂದಿ ಕಡೆನೂ ಕ್ವಾಟಿ ಗೋಡಿ, ಮಂಟಪ ಕಂಡಲ್ಲೆಲ್ಲಾ ಗಾಲಿ ಹತ್ತಿಸಬ್ಯಾಡ್ರಿ. ಮತ್ತ ಈ ಗುಡ್ಡದಾಗ ಚಿರತಿ, ಕರಡಿ ಎರಡೂ ಅದಾವ, ಹೊತ್ತು ಮುಳುಗೋದ್ರೊಳಗ ಊರು ಸೇರೋದು ಚೊಲೋ, ಡೈನಮೋ ಲೈಟಿನ ಬೆಳಕಿಗೆ ಅವು ಹೆದರಂಗಿಲ್ಲ.

ರೇಟಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮ್ಯಾಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳದೈತಿ, ಹಳೇ ಪ್ರೈಸ್ ಟ್ಯಾಗ್ ತೋರಿಸಿದ್ರ ಅದನ್ನ ನೆನಪು ಮಾಡ್ರಿ. ಆನ್‌ಲೈನಿನಾಗ ಎರಡು ಸಾವಿರ ಕಮ್ಮಿ ಕಾಣಬಹುದು, ಆದ್ರ ಡಬ್ಬಿ ಬಂದ ಮ್ಯಾಲ ಜೋಡಿಸೋರು ಬೇಕು, ನಮ್ಮ ಊರಾಗ ಒಬ್ಬ ಮೆಕ್ಯಾನಿಕ್ ಫೋರ್ಕನ್ನ ಹಿಂದ ಮುಂದ ತಿರುವಿ ಕೂಡ್ಸಿ ಕಳಿಸಿದ್ದ, ಡಿಸ್ಕು ಬಲಗಡೆ ಬಂದಿತ್ತು, ಅವನಿಗೆ ಅದು ಡಿಸೈನ್ ಅನಿಸಿತ್ತಂತ. ಡಿಸ್ಕು ಎಡಕ್ಕ ಇರ್ಬೇಕು, ಹ್ಯಾಂಡಲ್ ತಿರುವಿದಾಗ ಕೇಬಲ್ ಜಗ್ಗಬಾರದು, ನಿಂತಾಗ ಮ್ಯಾಲಿನ ಪೈಪಿಗೂ ನಿಮಗೂ ನಡುವ ಎರಡು ಮೂರು ಇಂಚು ಸಂದು ಇರ್ಬೇಕು, ಅಷ್ಟು ನೋಡ್ಕೊಂಡ್ರ ಸೈಜಿನ ಗದ್ದಲ ಮುಗಿತು.

ನನ್ನ ಸೈಕಲ್ಲಿಗೆ ಮಾರ್ಕ್ಸ್ ಕೊಡು ಅಂದ್ರ ಹತ್ತಕ್ಕ ಏಳು ಕೊಡ್ತೀನಿ, ಒಂದು ಮಾರ್ಕು ಫೋರ್ಕಿಗೆ ಕಡಿತ, ಎರಡು ಟೈರಿಗೆ. ಮೂವತ್ತು ಸಾವಿರ ಇಟ್ಕೊಂಡೋರು ಇಪ್ಪತ್ತಾರು ಸಾವಿರದ ಸೈಕಲ್ ನೋಡಿ ಉಳಿದ ನಾಕು ಸಾವಿರ ಟೈರ್, ಟೇಪು, ಸೀಲಂಟಿಗೆ ತೆಗೆದಿಡ್ರಿ. ಅಂಗಡಿಯವರಿಗೆ ಡೆಲಿವರಿಗೆ ಮೊದ್ಲ ಹೇಳ್ರಿ, ಜೊತಿ ಬಂದ ಟೈರ್ ವಾಪಸ್ ತಗೊಂಡು ರೇಟ್ ಕಡಿಮಿ ಮಾಡಿ ಬ್ಯಾರೆ ಹಾಕಿಕೊಡ್ರಿ ಅಂತ, ಹೊಸ ಟೈರ್ ಅಂದ್ರ ಅವರಿಗೆ ಮಾರಾಕ ಬರತೈತಿ, ಭಾಳ ಮಂದಿ ಒಪ್ತಾರ. ಒಂದು ಸಲ ಓಡ್ಸಿ ಧೂಳು ಹತ್ತಿದ ಮ್ಯಾಲ ಕೇಳಿದ್ರ ಯಾರೂ ಮುಟ್ಟಂಗಿಲ್ಲ.